ಪೆಟ್ಟಿಗೆ ಸೇರಿದ ತಂಬೂರಿ

ರಾಮನವಮಿ ಬಂದಿತೆಂದರೆ ಚಾಮರಾಜಪೇಟೆಯಲ್ಲಿ ಸಂಗೀತದ ಸುಗ್ಗಿ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಸ್ಥಾಪಿಸಿದ ಶ್ರೀರಾಮಸೇವಾ ಮಂಡಳಿಯ ಚಪ್ಪರದಲ್ಲಿ ಕಛೇರಿ ಕೇಳಿದವರಿಗೆ ಗಾಯಕರ ಹಿಂದಿನ ತಂಬೂರಿಯ ಪರಿಚಯವಿದ್ದೇ ಇರುತ್ತದೆ. ಈಗ ವಿದ್ವಾಂಸರ ಮಗ್ಗುಲಲ್ಲಿ ಪುಟ್ಟದೊಂದು ಪೆಟ್ಟಿಗೆಯೂ ಕಾಣಸಿಗುವುದುಂಟು. ಅದರ ತವರು ನಮ್ಮ ಬೆಂಗಳೂರೇ!

ತಂಬೂರಿಯದು ಬಹು ನಾಜೂಕಿನ ಪ್ರಕೃತಿ. ಒಂದು ಪಂಚಮ, ಎರಡು ಸಾರಣಿ, ಒಂದು ಮಂದ್ರ ಷಡ್ಜ: ಹೀಗೆ ನಾಲ್ಕೇ ತಂತಿ. ಆದರೆ ಸೆಕೆಗೂ ತೇವಕ್ಕೂ ಶ್ರುತಿ ಜಾರುವುದು. ಬಿರಡೆ ತಿರುಗಿಸಿ, ಮಣಿ ಸರಿಸಿ, ಕುದುರೆಯ ಮೇಲಿನ ನೂಲನ್ನು ಹದಗೊಳಿಸಬೇಕು. ಮೀಟುವುದಕ್ಕೂ ಒಬ್ಬರು ಬೇಕು. ನಸುಕಿನಲ್ಲಿ ಒಬ್ಬಳೇ ಸಾಧನೆಗೆ ಕೂರುವ ಹುಡುಗಿ ಯಾರನ್ನು ಎಬ್ಬಿಸಿಯಾಳು?

ಈ ಕಷ್ಟಕ್ಕೆ ಪರಿಹಾರ ದೊರೆತದ್ದು 1979ರಲ್ಲಿ. ಇಂಜಿನಿಯರರೂ ವೇಣುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆ ಅದನ್ನು ಮನೆಮನೆಗೆ ತಲುಪಿಸಿತು. ಗುಂಡಿ ತಿರುಗಿಸಿದರೆ ಬೇಕಾದ ಮನೆಯ ಶ್ರುತಿ ಸಿದ್ಧ. ಮೀಟಿನ ವೇಗವೂ ಕೈಯಳತೆಯಲ್ಲೇ. ಪಂಚಮವಿಲ್ಲದ ರಾಗಕ್ಕೆ ಮಧ್ಯಮವನ್ನೂ ಇಡಬಹುದು. ಇಂದು ಈ ಸೌಕರ್ಯವೆಲ್ಲ ಮೊಬೈಲಿಗೂ ಇಳಿದಿದೆ.

ಹಾಗಾದರೆ ನಷ್ಟವೇನೂ ಇಲ್ಲವೆ? ಇದೆ. ಬಿರಡೆ ತಿರುಗಿಸುತ್ತಿದ್ದ ಶಿಷ್ಯನ ಕಿವಿ ಹಾಡುವ ಮೊದಲೇ ಪಳಗುತ್ತಿತ್ತು. ಗುರುಗಳ ಹಿಂದೆ ಕುಳಿತು ಮೀಟುವುದೇ ಒಂದು ಪಾಠವಾಗಿತ್ತು. ಪೆಟ್ಟಿಗೆ ಶ್ರುತಿಯನ್ನು ಕೊಡಬಲ್ಲುದು, ಶ್ರುತಿಜ್ಞಾನವನ್ನಲ್ಲ. ಆದುದರಿಂದ ಅಜ್ಜಿಯ ತಂಬೂರಿ ಇನ್ನೂ ಮನೆಯಲ್ಲಿದ್ದರೆ, ಪೆಟ್ಟಿಗೆ ಬಂದಿತೆಂದು ಅದನ್ನು ಅಟ್ಟಕ್ಕೇರಿಸಬೇಡಿ. ವಾರಕ್ಕೊಮ್ಮೆಯಾದರೂ ಮಕ್ಕಳ ಕೈಯಿಂದಲೇ ಶ್ರುತಿ ಮಾಡಿಸಿ.