ಐರನ್ ಮೇಡನ್‌ಗೆ ತಾಳ ಕೊಟ್ಟವರು

ನಿಮಗಿದು ಗೊತ್ತೆ? 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿದ ಬ್ರಿಟನ್ನಿನ ರಾಕ್ ಬ್ಯಾಂಡ್ ಐರನ್ ಮೇಡನ್ ಹುಟ್ಟಿದ್ದು 1975ರಲ್ಲಿ. ಮೊದಲ ಏಳು ವರ್ಷ ಅಲ್ಲಿ ಡ್ರಮ್ಮರ್‌ಗಳು ಒಬ್ಬರ ಹಿಂದೊಬ್ಬರು ಬದಲಾದರು. ಮೊದಲ ಮೂರು ಆಲ್ಬಂಗಳಿಗೆ ನುಡಿಸಿದ ಕ್ಲೈವ್ ಬರ್ 1982ರಲ್ಲಿ ಹೊರಬಿದ್ದರು. ಆಗ ಬಂದು ಕೂತ ನಿಕೋ ಮೆಕ್‌ಬ್ರೇನ್ ಸುಮಾರು 42 ವರ್ಷ ಜಾಗ ಬಿಡಲಿಲ್ಲ! ಬರಿಗಾಲಲ್ಲಿ ಪೆಡಲ್ ಒತ್ತುವುದು ಅವರ ರೂಢಿ. 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿದು ದೇಹದ ಬಲಭಾಗ ಸ್ವಾಧೀನ ತಪ್ಪಿತು. ಆದರೂ ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೆ ವೇದಿಕೆ ಹತ್ತಿದರು. ಕೈಗೆ ದಕ್ಕದ ಕೆಲವು ವೇಗದ ನುಡಿಸಾಣಿಕೆಗಳನ್ನು ಬದಲಿಸಿಕೊಂಡರು. ಎಂಥ ಛಲ! 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವ್ ಪಾಲೋ ನಗರದಲ್ಲಿ ನುಡಿಸಿ ಪ್ರವಾಸಗಳಿಂದ ನಿವೃತ್ತರಾದರು. 2025ರಿಂದ ವೇದಿಕೆಯಲ್ಲಿ ಆ ಜಾಗ ಸೈಮನ್ ಡಾಸನ್ ಅವರದು.