ನಾಲ್ಕೂರ ಎಸಿಗೆ ನಾಲ್ಕು ಬ್ಯಾನಿ

ಏಪ್ರಿಲ್ ಮಧ್ಯಾಹ್ನ. ಬೈಲಹೊಂಗಲ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಎಸಿಯ ನೀರು ಗೋಡೆಗುಂಟ ಇಳಿದು ಸೀರೆಯ ಗಂಟು ತೊಯ್ಯುತ್ತಿದೆ. ಸಾವುಕಾರರು ಕೆಳಗೆ ಬಕೆಟ್ ಇಟ್ಟು ಕೂತಿದ್ದಾರೆ. ಮೆಕ್ಯಾನಿಕ್ ಹುಡುಗ ಏಣಿ ಹತ್ತಿ ಮುಚ್ಚಳ ಎತ್ತಿದ. ಎರೆಮಣ್ಣಿನ ಧೂಳು, ಅರಳೆಯ ಎಳೆ, ಊದಿನಕಡ್ಡಿಯ ಹೊಗೆ ಸೇರಿ ಒಳಗಿನ ಜಾಳಿಗೆ ಬೂದು ಕಂಬಳಿ ಹೊದ್ದಂತಾಗಿತ್ತು. ಅದರ ಹಿಂದಿನ ಸುರುಳಿಯ ಮೇಲೆ ಬೆರಳುದಪ್ಪ ಬೆಳ್ಳನೆಯ ಹಿಮ.

“ಗ್ಯಾಸ್ ಖಾಲಿ ಆಗೇತೇನೋ ತಮ್ಮಾ?”

“ಇಲ್ರೀ ಸಾವ್ಕಾರ್ರ, ಗಾಳಿ ಆಡವಲ್ದು. ಥಂಡಿ ಹೊರಗ ಬರಾಕ ಹಾದಿನ ಇಲ್ಲ, ಒಳಗ ಬರ್ಫ್ ಆಗಿ ಕುಂತೈತಿ.”

ಜಾಳಿಗೆ ಕಳಚಿ ನಲ್ಲಿಯ ಕೆಳಗೆ ಹಿಡಿದ. ಕರಿ ನೀರು ಹರಿಯಿತು. ಹಿಮ ಕರಗಲು ಬಿಟ್ಟು, ಚಹಾ ಕುಡಿದು ಬಂದು ಗುಂಡಿ ಒತ್ತಿದರೆ ತಣ್ಣನೆಯ ಗಾಳಿ ಬೀಸತೊಡಗಿತು.

ಇದೇ ಯಂತ್ರ ಕಿತ್ತೂರಿನಲ್ಲಿ ಬೇರೆ ತಕರಾರು ತೆಗೆಯುತ್ತದೆ. ಅರೆಮಲೆನಾಡಿನ ಸೆರಗಿನ ಊರದು. ಮಳೆ ಹಿಡಿದರೆ ಎಸಿ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ನೀರು ಹೋಗುವ ಪೈಪಿನಲ್ಲಿ ಪಾಚಿ ಕಟ್ಟುತ್ತದೆ, ಬೇಸಿಗೆಗೆ ಚಾಲೂ ಮಾಡಿದೊಡನೆ ಮುಗ್ಗಲು ವಾಸನೆ. ಹೊರಗಿನ ಪೆಟ್ಟಿಗೆಯ ಸರ್ಕಿಟ್ ಬೋರ್ಡಿನಲ್ಲಿ ಇರುವೆಗಳು ಮನೆ ಮಾಡಿರುತ್ತವೆ, ಇಲ್ಲವೇ ಹಲ್ಲಿ ಸುಟ್ಟು ಅಂಟಿರುತ್ತದೆ.

ಸವದತ್ತಿಯದು ಜನಜಂಗುಳಿಯ ಕಥೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂದವರು ಲಾಡ್ಜಿನ ಒಂದೇ ಖೋಲಿಯಲ್ಲಿ ಹತ್ತು ಮಂದಿ ಇಳಿದು, ಬಾಗಿಲು ತೆರೆದಿಟ್ಟು, ರಿಮೋಟಿನಲ್ಲಿ 16 ಒತ್ತುತ್ತಾರೆ. 16 ಒತ್ತಿದರೆ ಖೋಲಿ ಬೇಗ ತಂಪಾಗುವುದಿಲ್ಲ, ಕಂಪ್ರೆಸರ್ ಪುರಸೊತ್ತಿಲ್ಲದೆ ಓಡುತ್ತದೆ, ಅಷ್ಟೆ. 2020ರಿಂದ ಸ್ಟಾರ್ ಗುರುತಿನ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರುತ್ತಿರುವುದು ಸುಮ್ಮನಲ್ಲ.

ಇನ್ನು ರಾಮದುರ್ಗ. ಮಲಪ್ರಭೆಯ ದಂಡೆಯ ನೇಕಾರರ ಊರು, ಬಿಸಿಲೂ ಖಾರ. ಮಗ್ಗ, ಪಂಪ್‌ಸೆಟ್ಟು, ಎಸಿ ಎಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ. ಕುಸಿದಷ್ಟೂ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಒಂದು ದಿನ ಸುಟ್ಟು ಕೂರುತ್ತದೆ. ಸ್ಟೆಬಿಲೈಸರಿಗೆ ರೊಕ್ಕ ಹಾಕದೆ ಉಳಿಸಿದ್ದು ಕಂಪ್ರೆಸರಿನಲ್ಲಿ ಹಲವು ಪಟ್ಟಾಗಿ ಹೋಗುತ್ತದೆ. ಹೊರಗಿನ ಪೆಟ್ಟಿಗೆಯನ್ನು ಪಡುವಣ ಬಿಸಿಲಿಗೊಡ್ಡಿ, ಮೇಲೆ ತಗಡು ಬಿಗಿದು ಗಾಳಿ ಕಟ್ಟಿದವರ ಗೋಳು ಕೇಳುವುದೇ ಬೇಡ.

ನಾಲ್ಕೂ ಊರಿನಲ್ಲಿ ಸಮಾನವಾದ ಮಾತೊಂದಿದೆ: “ವರ್ಷಾ ಗ್ಯಾಸ್ ಹೊಡಸಬೇಕ್ರೀ.” ಇದು ಸುಳ್ಳು. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ತೀರುವುದಿಲ್ಲ. ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ನಟ್ಟಿನ ಜೋಡಣೆಯಲ್ಲಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುವುದು ದುಡ್ಡನ್ನು ಗಾಳಿಗೆ ಬಿಟ್ಟಂತೆಯೇ ಸರಿ.

ಚಳಿ ದೇಶಗಳಲ್ಲಿ ಇದೇ ಜೋಡಿ ಪೆಟ್ಟಿಗೆ ಮನೆ ಬೆಚ್ಚಗಿಡುತ್ತದೆ. ಒಳಗಿರುವ ಒಂದು ಕವಾಟ ಗ್ಯಾಸಿನ ಹಾದಿ ತಿರುಗಿಸಿದರೆ, ಒಳಗಿನ ಸೆಕೆ ಹೊರಗೆ ಒಯ್ಯುತ್ತಿದ್ದ ಯಂತ್ರ ಹೊರಗಿನ ಕಾವನ್ನು ಒಳಗೆ ತರುತ್ತದೆ. ಅಲ್ಲಿ ಹೊರಗಿನ ಸುರುಳಿಗೆ ಹಿಮ ಕಟ್ಟುವುದು ಸಹಜ, ಯಂತ್ರವೇ ಆಗಾಗ ಕರಗಿಸಿಕೊಳ್ಳುತ್ತದೆ. ಇಲ್ಲಿ ಒಳಗಿನ ಸುರುಳಿಗೆ ಹಿಮ ಬಂದರೆ ಅದು ಬ್ಯಾನಿಯ ಗುರುತು. ‘ಹಾಟ್ ಅಂಡ್ ಕೋಲ್ಡ್’ ಎಸಿ ನಮ್ಮ ಪೇಟೆಗಳಿಗೂ ಬಂದಿದೆ. ಆದರೆ ಅವ್ವ ಹೊಲಿದ ಕೌದಿ ಇರುವಾಗ ಡಿಸೆಂಬರಿನ ಚಳಿಗೆ ಯಾರು ಗುಂಡಿ ಒತ್ತುತ್ತಾರೆ?

ಬೈಲಹೊಂಗಲದ ಆ ಮೆಕ್ಯಾನಿಕ್ ಹುಡುಗನ ಅನುಭವದಲ್ಲಿ ಕೆಟ್ಟ ಯಂತ್ರಕ್ಕಿಂತ ಕೆಟ್ಟ ಜೋಡಣೆ, ತೊಳೆಯದ ಜಾಳಿಗೆಗಳೇ ಹೆಚ್ಚು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಜಾಳಿಗೆ ತೊಳೆಯಿರಿ, ನೀರಿನ ಪೈಪಿಗೆ ಇಳಿಜಾರು ಕೊಡಿಸಿರಿ, ಗ್ಯಾಸ್ ಹೊಡೆಯಲು ಬಂದವನಿಗೆ ಮೊದಲು ಸೋರಿಕೆ ತೋರಿಸು ಅನ್ನಿರಿ. ಅರ್ಧ ರಿಪೇರಿ ಖರ್ಚು ಅಲ್ಲಿಗೇ ಉಳಿಯುತ್ತದೆ.