ಗಿಂಬಲ್ ಕೊಳ್ಳುವ ಮುಂಚೆ ಆ್ಯಪ್ ವಿಚಾರಿಸಿ

ಹೊಲದ ವಿಡಿಯೊ ತೆಗೆದು ಯೂಟ್ಯೂಬಿಗೋ ವಾಟ್ಸಾಪ್ ಗುಂಪಿಗೋ ಹಾಕುವ ರೈತರು ಈಗ ಊರಿಗೆ ನಾಲ್ಕು ಜನ ಸಿಗುತ್ತಾರೆ. ಉತ್ತ ಸಾಲಿನಲ್ಲಿ ನಡೀತಾ ತೆಗೆದರೆ ಚಿತ್ರ ಕುಲುಕಾಡಿ ನೋಡುವವರಿಗೆ ತಲೆ ತಿರುಗುತ್ತದೆ. ಇದಕ್ಕೆ ಗಿಂಬಲ್ ಎಂಬ ಮೋಟಾರಿನ ಹಿಡಿಕೆ ಬಂದಿದೆ. ನಮ್ಮ ಸಂಘದವರು ಚಂದಾ ಹಾಕಿ ಒಂದು ಕೊಂಡು ಎರಡು ಹಂಗಾಮು ಬಳಸಿದ್ದೇವೆ. ಹಿಡಿಕೆ ಯಾವುದಾದರೂ ನಡೆದೀತು. ಆದರೆ ಅದರ ಆ್ಯಪ್ ಏನು ಮಾಡುತ್ತದೆ, ಏನು ಮಾಡಲ್ಲ ಅಂತ ವಿಚಾರಿಸದಿದ್ದರೆ ಅರ್ಧ ದುಡ್ಡು ದಂಡ.

ಗಿಂಬಲಿಗೆ ಮೂರು ಮೋಟಾರು. ಒಂದು ಎಡ-ಬಲ, ಒಂದು ಮೇಲೆ-ಕೆಳಗೆ, ಇನ್ನೊಂದು ಓರೆ ಆದದ್ದನ್ನು ಸರಿಮಾಡಲು. ಎತ್ತಿನ ಗಾಡಿಯಲ್ಲಿ ತುಂಬಿದ ಕೊಡ ಹಿಡಿದು ಕೂತ ಹೆಣ್ಣುಮಗಳು ಗಾಡಿ ಈ ಕಡೆ ವಾಲಿದರೆ ಕೊಡವನ್ನು ಆ ಕಡೆ ವಾಲಿಸುತ್ತಾಳಲ್ಲ, ಹಾಗೇ ಇದು. ಈ ಕೆಲಸಕ್ಕೆ ಆ್ಯಪ್ ಬೇಡ. ಫೋನಿನದೇ ಕ್ಯಾಮೆರಾ ಇರಲಿ, ವಾಟ್ಸಾಪ್ ಕಾಲ್ ಇರಲಿ, ಅಲುಗಾಟ ನಿಲ್ಲುತ್ತದೆ. ಹೆಬ್ಬೆರಳಿನ ಗುಂಡಿಯಿಂದ ಫೋನ್ ಆಚೀಚೆ ತಿರುಗಿಸೋದೂ ಹಾಗೇ.

ವಿಡಿಯೊ ಶುರು ಮಾಡುವ, ನಿಲ್ಲಿಸುವ ಗುಂಡಿ ಮಾತ್ರ ಬ್ಲೂಟೂತ್ ಮೂಲಕ ಫೋನಿಗೆ ಹೇಳಬೇಕು. ಕೆಲವು ಗಿಂಬಲ್ ಫೋನಿನ ಸೌಂಡ್ ಗುಂಡಿ ಒತ್ತಿದ ಹಾಗೆ ಸಂಕೇತ ಕೊಡುತ್ತವೆ. ಓಪನ್ ಕ್ಯಾಮೆರಾ ಅಂತ ಆಂಡ್ರಾಯ್ಡಿಗೆ ಪುಕ್ಕಟೆ ಆ್ಯಪ್ ಇದೆ. ಅದರಲ್ಲಿ ಸೌಂಡ್ ಗುಂಡಿ ಏನು ಮಾಡಬೇಕು ಅಂತ ನಾವೇ ಗೊತ್ತು ಮಾಡಬಹುದು.

ಜಾಹೀರಾತಿನಲ್ಲಿ ತೋರಿಸುವ ಚಮತ್ಕಾರಗಳೆಲ್ಲ ಇರೋದು ಕಂಪನಿಯ ಸ್ವಂತ ಆ್ಯಪಿನಲ್ಲಿ. ಡಿಜೆಐ ಕಂಪನಿಯ ಓಸ್ಮೊ ಮೊಬೈಲಿಗೆ ಮಿಮೊ ಅನ್ನುವ ಆ್ಯಪ್. ಅದರ ಆಕ್ಟಿವ್‌ಟ್ರ್ಯಾಕ್ ಹಾಕಿ ಪರದೆ ಮೇಲೆ ಒಬ್ಬರ ಸುತ್ತ ಗೆರೆ ಎಳೆದರೆ ಅವರು ಹೋದ ಕಡೆ ಫೋನ್ ತಾನೇ ತಿರುಗುತ್ತದೆ. ಒಬ್ಬರೇ ಕೂರಿಗೆ ಹಿಡಿದು ಬಿತ್ತುತ್ತಾ ತಮ್ಮ ವಿಡಿಯೊ ತಾವೇ ಮಾಡಿಕೊಳ್ಳಬಹುದು. ಟೈಮ್‌ಲ್ಯಾಪ್ಸ್ ಅನ್ನುವುದು ಇನ್ನೊಂದು. ಕೃಷಿಹೊಂಡಕ್ಕೆ ನೀರು ಬರುವ ಎರಡು ಗಂಟೆಯನ್ನು ಅರ್ಧ ನಿಮಿಷಕ್ಕೆ ಇಳಿಸುತ್ತದೆ. ನನಗೆ ಎಲ್ಲದಕ್ಕಿಂತ ಹಿಡಿಸಿದ್ದು ಇದೇ. ಬದು ಹಾಕಿದ ಹೊಲದಲ್ಲಿ ನೀರು ಎಲ್ಲಿ ನಿಂತಿತು, ಎಲ್ಲಿ ಕೊರೆಯಿತು ಅಂತ ನೂರು ಮಾತು ಹೇಳುವ ಬದಲು ತೋರಿಸಿದರೆ ಮುಗಿಯಿತು.

ನಮಗೆ ಮಾರಿದ ಅಂಗಡಿಯವನು ‘ಎಲ್ಲಾ ಆ್ಯಪಿಗೂ ಆಗ್ತದೆ ಯಜಮಾನ್ರೇ’ ಅಂದಿದ್ದ. ಆಗ್ತದೆ ನಿಜ, ಅಲುಗಾಟ ತಡೆಯೋದಕ್ಕೆ. ಬೆನ್ನು ಹತ್ತೋದಕ್ಕೆ ಅಲ್ಲ. ತೊಗರಿಯ ಕಾಯಿಕೊರಕ ತೋರಿಸಲು ವಿಜ್ಞಾನಿಯೊಬ್ಬರಿಗೆ ವಾಟ್ಸಾಪ್ ವಿಡಿಯೊ ಕಾಲ್ ಮಾಡಿದೆವು. ಗಿಡದಿಂದ ಗಿಡಕ್ಕೆ ಹೋದ ಮನುಷ್ಯನನ್ನು ಬಿಟ್ಟು ಗಿಂಬಲ್ ಬೇಲಿ ನೋಡಿಕೊಂಡು ನಿಂತಿತು.

ಕಾರಣ ಸರಳ. ಬೆನ್ನು ಹತ್ತಬೇಕಾದರೆ ಆ್ಯಪ್ ಕ್ಯಾಮೆರಾದ ಚಿತ್ರ ನೋಡಿ, ಮನುಷ್ಯ ಎಷ್ಟು ಸರಿದ ಅಂತ ಲೆಕ್ಕ ಹಾಕಿ, ಮೋಟಾರಿಗೆ ಹೇಳಬೇಕು. ಕ್ಯಾಮೆರಾ ವಾಟ್ಸಾಪ್ ಕೈಯಲ್ಲಿದ್ದಾಗ ಮಿಮೊಗೆ ಚಿತ್ರ ಸಿಗುವುದಿಲ್ಲ. ಒಂದೇ ಜೋಡಿ ಎತ್ತನ್ನು ಏಕಕಾಲಕ್ಕೆ ಎರಡು ನೇಗಿಲಿಗೆ ಹೂಡಲಾಗದು.

ಇದಕ್ಕೆ ಈಗ ಎರಡು ದಾರಿ ಆಗಿವೆ. ಒಂದು, ಗಿಂಬಲಿಗೇ ಸ್ವಂತ ಕಣ್ಣು ಇಡುವುದು. ಹೋಹೆಮ್ ಕಂಪನಿಯ ಕೆಲವು ಮಾದರಿಗಳಲ್ಲೂ 2025ರಲ್ಲಿ ಬಂದ ಓಸ್ಮೊ ಮೊಬೈಲ್ 7ಪಿಯಲ್ಲೂ ಸಣ್ಣದೊಂದು ಕ್ಯಾಮೆರಾ ತುಂಡು ಅಂಟಿಸುತ್ತಾರೆ. ಅದು ತಾನೇ ನೋಡಿ ತಿರುಗಿಸುವುದರಿಂದ ಫೋನಿನಲ್ಲಿ ಯಾವ ಆ್ಯಪ್ ಇದ್ದರೂ ನಡೆಯುತ್ತದೆ. ಎರಡನೆಯದು ಐಫೋನ್ ಇದ್ದವರಿಗೆ ಮಾತ್ರ. ಆಪಲ್ ಕಂಪನಿ 2023ರಲ್ಲಿ ಡಾಕ್‌ಕಿಟ್ ಅನ್ನುವ ಏರ್ಪಾಡು ತಂದು ಫೋನೇ ಗಿಂಬಲನ್ನು ತಿರುಗಿಸುವ ಹಾಗೆ ಮಾಡಿತು. 2024ರ ಇನ್ಸ್‌ಟಾ360 ಫ್ಲೋ ಪ್ರೊ ಇದನ್ನು ಬಳಸುತ್ತದೆ. ಐಫೋನ್ 12ಕ್ಕಿಂತ ಹಳೆಯದಕ್ಕೆ ಇಲ್ಲ. ನಮ್ಮಂಥ ಆಂಡ್ರಾಯ್ಡ್‌ನವರಿಗೆ ಮೊದಲನೆಯದೇ ಗತಿ.

ಬೇರೆ ಕಂಪನಿಯ ಆ್ಯಪ್ ನಂಬಿ ಗಿಂಬಲ್ ಕೊಳ್ಳುವುದು ಬೇಡ ಅಂತ ನನ್ನ ಅಭಿಪ್ರಾಯ. 2018ರಲ್ಲಿ ಬಂದ ಝಿಯುನ್ ಸ್ಮೂತ್ 4ರ ಗುಂಡಿಗಳಿಂದ ಫಿಲ್ಮಿಕ್ ಪ್ರೊ ಅನ್ನುವ ಹೆಸರಾಂತ ಆ್ಯಪನ್ನು ನಡೆಸಬಹುದಿತ್ತು. 2022ರಲ್ಲಿ ಆ ಆ್ಯಪ್ ಚಂದಾ ಪದ್ಧತಿಗೆ ಹೋಯಿತು. ಮರುವರ್ಷ ಅದನ್ನು ಕೊಂಡ ಕಂಪನಿ ಅಲ್ಲಿದ್ದ ಕೆಲಸಗಾರರನ್ನೆಲ್ಲ ಬಿಡಿಸಿತು. ಹಿಡಿಕೆ ಗಟ್ಟಿ ಇದ್ದರೇನು, ಜತೆಗಾರ ಆ್ಯಪ್ ಸೊರಗಿದರೆ?

ಆಂಡ್ರಾಯ್ಡಿನವರು ಮಿಮೊ ಆ್ಯಪನ್ನು ಡಿಜೆಐ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬೇಕು, ಪ್ಲೇ ಸ್ಟೋರ್ ಹುಡುಕಿ ಪ್ರಯೋಜನವಿಲ್ಲ. ಮೊದಲ ಸಲ ಇಂಟರ್‌ನೆಟ್ ಇದ್ದ ಕಡೆ ಕೂತು ಆ್ಯಪಿನಿಂದ ಗಿಂಬಲ್ ಚಾಲೂ ಮಾಡಿಕೊಳ್ಳಬೇಕು. ಹೊಲಕ್ಕೆ ಹೋಗಿ ಡಬ್ಬಿ ಬಿಚ್ಚಿದರೆ ಬರಿಗೈಲಿ ವಾಪಸ್. ತೂಕವನ್ನೂ ನೋಡಿ. ಓಸ್ಮೊ ಮೊಬೈಲ್ 6 ಹೊರುವುದು 170ರಿಂದ 290 ಗ್ರಾಂ ಫೋನನ್ನು. ದಪ್ಪ ಕವರ್ ಇದ್ದರೆ ತೆಗೆದಿಡಿ.

ಅಂಗಡಿಗೆ ನಿಮ್ಮದೇ ಫೋನ್ ಒಯ್ಯಿರಿ. ಜತೆಗೆ ಬಂದವರಿಗೆ ಅಲ್ಲೇ ವಾಟ್ಸಾಪ್ ವಿಡಿಯೊ ಕಾಲ್ ಹಚ್ಚಿ, ಗಿಂಬಲನ್ನು ಮೇಜಿನ ಮೇಲೆ ನಿಲ್ಲಿಸಿ ಹತ್ತು ಹೆಜ್ಜೆ ಅಡ್ಡ ನಡೆಯಿರಿ. ಫೋನ್ ನಿಮ್ಮ ಹಿಂದೆ ತಿರುಗಿತೋ ಇಲ್ಲವೋ ನೋಡಿ ಆಮೇಲೆ ದುಡ್ಡಿನ ಮಾತು ಆಡಿ.